ಬಟ್ಟೆ ಒಗೆದ ನೀರು

1964. ಉತ್ತರ ಇಥಿಯೋಪಿಯಾದ ಅಡ್ವಾ. ಅಮೆರಿಕದಲ್ಲಿ ಓದಿ ಬಂದಿದ್ದ ಯುವ ವಿಜ್ಞಾನಿ ಅಕ್ಲಿಲು ಲೆಮ್ಮಾ ಅಲ್ಲಿನ ಹೊಳೆಯಲ್ಲಿ ಬಸವನಹುಳು ಹುಡುಕುತ್ತಿದ್ದರು. ಬಿಲ್ಹಾರ್ಜಿಯಾ ಅನ್ನೋ ಕಾಯಿಲೆಯ ಪರಾವಲಂಬಿ ಜೀವಿ ಬೆಳೆಯೋದು ಈ ಹುಳುಗಳ ಮೈಯೊಳಗೆ. ಅಲ್ಲಿಂದ ನೀರಿಗಿಳಿದು, ನೀರಿಗಿಳಿದವರ ಚರ್ಮ ಕೊರೆದು ಒಳಸೇರುತ್ತೆ.

ಒಂದು ಕಡೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರ ಕೆಳಗಿನ ಹರಿವಿನಲ್ಲಿ ನೋಡಿದರೆ ಸತ್ತ ಹುಳುಗಳೇ ಹೆಚ್ಚು! ಸೋಪಿನ ಬದಲು ಅವರು ಬಳಸುತ್ತಿದ್ದದ್ದು 'ಎಂಡೋಡ್' ಗಿಡದ ಕಾಯಿಯ ಪುಡಿ. ನಮ್ಮಜ್ಜಿಯರ ಅಂಟುವಾಳದ ಹಾಗೆ ಇದರಲ್ಲೂ ನೊರೆ ಬರಿಸೋದು ಸಪೋನಿನ್. ಲೆಮ್ಮಾ ಜೀವಂತ ಹುಳುಗಳ ಮೇಲೆ ಆ ನೊರೆನೀರು ಹಾಕಿ ನೋಡಿದರು. ಸತ್ತವು.

ಮುಂದೆ ಅಡ್ವಾದಲ್ಲೇ 5 ವರ್ಷ ಪ್ರಯೋಗ ನಡೆಯಿತು. ಪುಟ್ಟ ಮಕ್ಕಳಲ್ಲಿ ಸೋಂಕು ಶೇ. 50ರಿಂದ ಶೇ. 7ಕ್ಕೆ ಇಳಿಯಿತು. ದುಬಾರಿ ರಾಸಾಯನಿಕ ತರಿಸಬೇಕಿಲ್ಲ, ಊರವರೇ ಬೆಳೆದುಕೊಳ್ಳಬಹುದು. ಇನ್ನೇನು ಬೇಕು?

ಬೇಕಿತ್ತು. ಇದು ಸುರಕ್ಷಿತವೇ ಅಂತ ಅಂತರರಾಷ್ಟ್ರೀಯ ಸಂಸ್ಥೆಗಳು ಪರೀಕ್ಷೆ ಕೇಳಿದವು. ಪ್ರಶ್ನೆ ತಪ್ಪಲ್ಲ, ಎಂಡೋಡ್ ಮೀನನ್ನೂ ಕೊಲ್ಲುತ್ತೆ. ಆದರೆ ಬಡದೇಶದ ಪ್ರಯೋಗಾಲಯದ ಉತ್ತರವನ್ನು ನಂಬೋರು ಕಮ್ಮಿ. ಪರೀಕ್ಷೆಗಳಲ್ಲೇ ದಶಕಗಳು ಕಳೆದವು. ಲೆಮ್ಮಾಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು 1989ರಲ್ಲಿ.

1990ರ ದಶಕದಲ್ಲಿ ಅಮೆರಿಕದ ಪೈಪುಗಳಲ್ಲಿ ಕಟ್ಟಿಕೊಳ್ಳುವ ಜೀಬ್ರಾ ಚಿಪ್ಪುಜೀವಿಗಳನ್ನೂ ಎಂಡೋಡ್ ಕೊಲ್ಲುತ್ತೆ ಅಂತ ಗೊತ್ತಾಯಿತು. ಆ ಬಳಕೆಯ ಪೇಟೆಂಟ್ ಅಲ್ಲಿನ ಟೊಲೆಡೊ ವಿಶ್ವವಿದ್ಯಾಲಯದ ಪಾಲಾಯಿತು. ಅಡ್ವಾದ ಆ ಹೆಂಗಸರ ಹೆಸರು? ಯಾರೂ ಬರೆದಿಟ್ಟುಕೊಂಡಂತಿಲ್ಲ.