ಬಾಗಳಿಯ ಶಾಸನಗಳೂ ಡಿಜಿಟಲ್ ಛಾಯಾಗ್ರಹಣವೂ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳು ಕಲ್ಯಾಣ ಚಾಲುಕ್ಯರ ಇತಿಹಾಸಕ್ಕೆ ಮುಖ್ಯಾಧಾರಗಳಾಗಿವೆ. ಪೂರ್ವವಿದ್ವಾಂಸರು ಒದ್ದೆಯ ಕಾಗದವನ್ನು ಕಲ್ಲಿಗೊತ್ತಿ, ಮಸಿಯಚ್ಚು ತೆಗೆದು ಓದಿದ ಇವುಗಳಲ್ಲಿ ಹಲವುಗಳ ಪಾಠವು ೧೯೩೯ರಲ್ಲಿ ದಕ್ಷಿಣ ಭಾರತದ ಶಾಸನಗಳ ೯ನೆಯ ಸಂಪುಟದಲ್ಲಿ ಪ್ರಕಟವಾಯಿತು.

೧೯೬೯ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಬಾಯ್ಲ್, ಸ್ಮಿತ್ ಎಂಬವರು ಸಿಸಿಡಿಯನ್ನು ಕಲ್ಪಿಸಿದರು. ಬೆಳಕನ್ನು ವಿದ್ಯುದ್ರೂಪದಲ್ಲಿ ಗ್ರಹಿಸುವ ಇಂತಹ ಸಂವೇದಕಗಳು ಕ್ರಮೇಣ ಫಿಲ್ಮಿನ ಸ್ಥಾನವನ್ನು ಪಡೆದುವು. ಒಂದು ಮೀಟರು ಅಗಲದ ಶಾಸನವನ್ನು ಅಡ್ಡಲಾಗಿ ೮೦೦೦ ಚಿತ್ರಬಿಂದುಗಳಲ್ಲಿ ಹಿಡಿದರೆ, ಒಂದೊಂದು ಬಿಂದುವಿಗೆ ಮಿಲಿಮೀಟರಿನ ಎಂಟನೆಯ ಒಂದಂಶ ಬರುವುದು.

ಆದರೂ ಬಿಂದುಗಳ ಸಂಖ್ಯೆಯೊಂದೇ ಅಕ್ಷರವನ್ನು ಓದಿಸಲಾರದು. ಬೆಳಕು ನೇರವಾಗಿ ಬಿದ್ದರೆ ಸವೆದ ಗೆರೆ ಕಲ್ಲಿನಲ್ಲಿಯೇ ಅಡಗುವುದು. ಓರೆಯಾಗಿ ಬಿದ್ದರೆ ನೆರಳು ತುಂಬಿ ಎದ್ದುಕಾಣುವುದು. ಆದುದರಿಂದ ಪ್ರತಿಯೊಂದು ಶಾಸನವನ್ನೂ ಹಲವು ದಿಕ್ಕುಗಳ ಬೆಳಕಿನಲ್ಲಿ ಚಿತ್ರಿಸಿ, ಮುದ್ರಿತ ಪಾಠದೊಡನೆ ಹೋಲಿಸಬೇಕು. ಪೂರ್ತಿಯಾಗಿ ಅಳಿದ ಅಕ್ಷರವನ್ನು ಯಾವ ಯಂತ್ರವೂ ಮರಳಿ ಕೊಡಲಾರದು.