ಆಳುವವರೊಡನೆ ಮಾತು

ಅರಿಕೆ, ಬಿನ್ನಹ, ಮನವಿ, ಅಹವಾಲು, ಅರ್ಜಿ, ಫಿರ್ಯಾದು. ಆಳುವವರ ಮುಂದೆ ಬಾಯಿ ತೆರೆಯುವುದಕ್ಕೆ ಕನ್ನಡದಲ್ಲಿ ಇಷ್ಟೊಂದು ಮಾತುಗಳಿವೆ. ಇವೆಲ್ಲವೂ ಕೆಳಗಿನಿಂದ ಮೇಲಕ್ಕೆ ಏರುವ ಮಾತುಗಳೆಂಬುದನ್ನು ಕೇಳುಗರು ಗಮನಿಸಬೇಕು. ಹೇಳುವವನು ನಿಂತಿರುತ್ತಾನೆ, ಕೇಳುವವನು ಕುಳಿತಿರುತ್ತಾನೆ. ಇಬ್ಬರೂ ಕುಳಿತು ಒಂದು ಸಾರ್ವಜನಿಕ ವಿಷಯವನ್ನು ಕುರಿತು ಆಡುವ ಮಾತಿಗೆ ನಮ್ಮ ಹಳೆಯ ಮೈಸೂರಿನಲ್ಲಿ ಒಂದು ಚರಿತ್ರೆಯಿದೆ. ಅದು ಬಹಳ ಹಳೆಯದಲ್ಲ, ಒಂದೂವರೆ ಶತಮಾನಕ್ಕೂ ಕಡಿಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳ ನಡುವೆ ಬೆಳೆದ ನನಗೆ ಆ ಚರಿತ್ರೆಯನ್ನು ಈ ಸೀಮೆಯ ಕಡೆಯಿಂದ ನೋಡುವುದೇ ಸಹಜ.

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಹಿಂದಿರುಗಿ ಬಂದ ನಾಡು ಎಂತಹುದಾಗಿತ್ತು? 1876ರಿಂದ 78ರವರೆಗಿನ ಕ್ಷಾಮ ಅದನ್ನು ಬಡಿದುಹಾಕಿತ್ತು. 1871ರಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದೊಳಗೆ ಇಳಿದಿತ್ತು. ಬೊಕ್ಕಸದಲ್ಲಿ ಹಣವಿರಲಿಲ್ಲ, ಊರೂರಿನಲ್ಲಿ ಹಾಳು ಮನೆಗಳಿದ್ದವು. ಇಂತಹ ಹೊತ್ತಿನಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯೊಂದನ್ನು ಕರೆಯುವ ಆಲೋಚನೆ ಮಾಡಿದರು. ಆಗಸ್ಟ್ 25ರಂದು ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಸದಸ್ಯರು ಮೈಸೂರಿನಲ್ಲಿ ಸೇರಿದರು. ಇವರು ಚುನಾಯಿತರಲ್ಲ. ತಾಲೂಕು ತಾಲೂಕಿನಿಂದ ಆರಿಸಿ ಕಳುಹಿಸಿದ ಭೂಹಿಡುವಳಿದಾರರು ಮತ್ತು ವರ್ತಕರು. ಮೈಸೂರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ತಿಪಟೂರು ಆಗಿನ್ನೂ ತಾಲೂಕು ಕೇಂದ್ರವೂ ಆಗಿರಲಿಲ್ಲ, ಆ ಗೌರವ ಹೊನ್ನವಳ್ಳಿಗಿತ್ತು. ನಮ್ಮ ಕಡೆಯ ಸದಸ್ಯರು ಗಾಡಿ ಕಟ್ಟಿಕೊಂಡೇ ಹೊರಟಿರಬೇಕು.

ಈ ಸಭೆಗೆ ಅಧಿಕಾರವೇನಿತ್ತೆಂದು ಕೇಳಿದರೆ, ಏನೂ ಇರಲಿಲ್ಲವೆಂದೇ ಹೇಳಬೇಕು. ಮತ ಹಾಕುವಂತಿಲ್ಲ, ಆಯವ್ಯಯವನ್ನು ತಡೆಯುವಂತಿಲ್ಲ, ಕಾನೂನು ಮಾಡುವಂತಿಲ್ಲ. ದಿವಾನರು ವರ್ಷದ ಆಡಳಿತದ ವಿವರವನ್ನು ಸಭೆಯ ಮುಂದಿಡುವರು. ಸದಸ್ಯರು ತಮ್ಮ ತಮ್ಮ ತಾಲೂಕಿನ ಕೆರೆ, ಕಂದಾಯ, ರಸ್ತೆ, ಗೋಮಾಳ, ಅರಣ್ಯಗಳನ್ನು ಕುರಿತು ಹೇಳಿಕೊಳ್ಳುವರು. ಇದನ್ನು ದಸರೆಯ ಅಲಂಕಾರಗಳಲ್ಲಿ ಒಂದೆಂದು ಹಾಸ್ಯ ಮಾಡಿದವರು ಅಂದೂ ಇದ್ದರು, ಮುಂದೆಯೂ ಇದ್ದರು. ಆ ಹಾಸ್ಯದಲ್ಲಿ ಸತ್ಯವಿಲ್ಲದಿಲ್ಲ. ಆದರೂ ನನಗೆ ತೋರುವುದು ಹೀಗೆ: ಸರ್ಕಾರವೊಂದು ತಾನು ಏನು ಖರ್ಚು ಮಾಡಿದೆನೆಂಬುದನ್ನು ರೈತನ ಎದುರಿಗೆ ಓದಿ ಹೇಳಬೇಕಾಗಿ ಬಂದುದು ಸಣ್ಣ ಸಂಗತಿಯಲ್ಲ. ಹೇಳಬೇಕಾದೀತೆಂಬ ಅರಿವು ಇದ್ದಾಗ ಲೆಕ್ಕ ಬರೆಯುವ ಕೈಯೇ ಬೇರೆ ರೀತಿ ನಡೆಯುತ್ತದೆ.

ರಂಗಾಚಾರ್ಲು ಅವರು 1883ರ ಜನವರಿಯಲ್ಲಿಯೇ ತೀರಿಕೊಂಡರು. ಅವರ ಬಳಿಕ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕಂದಾಯ ಕೊಡುವವರಿಗೆ ಮತ ಕೊಟ್ಟು, ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಸಭೆಯ ಮಾತು ಕೆರೆ ಕಂದಾಯಗಳಷ್ಟಕ್ಕೇ ನಿಲ್ಲಲಿಲ್ಲ. 1894ರ ಬಾಲ್ಯವಿವಾಹ ನಿಷೇಧದ ನಿಬಂಧನೆಯಂತಹ ಮನೆಯೊಳಗಿನ ವಿಷಯವೂ ಅದರ ಮುಂದೆ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಆದರೆ ಇದೇ ಆಡಳಿತ ಮರುವರ್ಷ ಪತ್ರಿಕೆಗಳ ಮೇಲೆ ನಿಬಂಧನೆ ಹೇರಿತು. ತಾತಯ್ಯನವರೆಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸಭೆಯಲ್ಲಿ ಮಾತಾಡಿ ಎನ್ನುವ ಸರ್ಕಾರ ಪತ್ರಿಕೆಯಲ್ಲಿ ಬರೆಯಬೇಡಿ ಎಂದೂ ಹೇಳಬಲ್ಲದು. ಎರಡನ್ನೂ ಒಂದೇ ಬಾಯಿ ಹೇಳುವುದುಂಟು.

ಅಲ್ಲಿಯವರೆಗಿನ ಮಾತು ಪ್ರಜೆಗೂ ದಿವಾನರಿಗೂ ನಡುವಣದು. ಅದರೊಳಕ್ಕೆ ತಜ್ಞನನ್ನು ತಂದು ಕೂರಿಸಿದವರು ವಿಶ್ವೇಶ್ವರಯ್ಯನವರು. ಅವರಿನ್ನೂ ಮುಖ್ಯ ಇಂಜಿನಿಯರಾಗಿದ್ದಾಗಲೇ, 1911ರ ಜೂನ್ 10ರಂದು, ಮೈಸೂರು ಸಂಪದಭ್ಯುದಯ ಸಮಾಜವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ವಿದ್ಯೆ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಅದರಲ್ಲಿ ಮೂರು ಮಂಡಲಿಗಳು. ಅಧಿಕಾರಿ, ಪ್ರಾಧ್ಯಾಪಕ, ವರ್ತಕ, ಜಮೀನುದಾರ ಒಂದೇ ಮೇಜಿನ ಸುತ್ತ ಕುಳಿತು ಅಂಕಿ ಅಂಶಗಳನ್ನು ಮುಂದಿಟ್ಟುಕೊಂಡು ಚರ್ಚಿಸಬೇಕೆಂಬುದು ಉದ್ದೇಶ. ಜಿಲ್ಲೆ ತಾಲೂಕುಗಳಲ್ಲಿಯೂ ಸಮಿತಿಗಳಾದವು. ಸಾಹಿತ್ಯಪ್ರಿಯರಾದ ಓದುಗರಿಗೆ ಇಲ್ಲಿ ಒಂದು ಮಾತು ರುಚಿಸೀತು. 1915ರ ಮೇ 5ರಂದು ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಬೀಜ ಬಿದ್ದುದು ಈ ಸಮಾಜದ ಚರ್ಚೆಗಳಲ್ಲಿಯೇ. ರೇಷ್ಮೆ, ಸಾಬೂನು, ಬ್ಯಾಂಕುಗಳನ್ನು ಕುರಿತು ಆಲೋಚಿಸುತ್ತಿದ್ದವರು ಭಾಷೆಯೂ ನಾಡಿನ ಸಂಪತ್ತೆಂದು ಎಣಿಸಿದರು. ಇಂದಿನ ಯೋಜನಾ ಸಭೆಗಳಲ್ಲಿ ಇದನ್ನು ಯಾರಾದರೂ ಹೇಳಿದರೆ ವಿಷಯಾಂತರವೆಂದು ಅಧ್ಯಕ್ಷರು ಗಂಟೆ ಬಾರಿಸಿಯಾರು.

ಆದರೆ ಸಂಪದಭ್ಯುದಯ ಸಮಾಜದಲ್ಲಿ ರೈತನ ಸ್ಥಾನ ಕೇಳುವವನ ಸ್ಥಾನವೇ ಆಗಿ ಉಳಿಯಿತೆಂದು ನನ್ನ ಅಭಿಪ್ರಾಯ. ತಜ್ಞನ ಬಳಿ ವಿದ್ಯೆಯಿದೆ, ರೈತನ ಬಳಿ ಅಭ್ಯಾಸವಿದೆ, ವಿದ್ಯೆ ಅಭ್ಯಾಸವನ್ನು ತಿದ್ದಬೇಕು ಎಂಬ ನಂಬಿಕೆ ಆ ಕಾಲದ್ದು. ನಮ್ಮ ಸೀಮೆಯ ಉಂಡೆ ಕೊಬ್ಬರಿಯನ್ನು ನೋಡಿದವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಗುಡುಗುಡು ಸದ್ದು ಬರಬೇಕು. ಅವಸರಪಟ್ಟು ಇಳಿಸಿದರೆ ತಿರುಳು ಚಿಪ್ಪಿಗೇ ಅಂಟಿಕೊಂಡಿರುತ್ತದೆ. ತಡವಾದರೆ ಕೌಟು. ಈ ಹದವನ್ನು ಯಾವ ಪುಸ್ತಕದಿಂದಲೂ ಕಲಿಯಲಾಗದು. ಅಟ್ಟದ ಕೆಳಗೆ ಬೆಳೆದ ಹೆಂಗಸರೂ ಮಕ್ಕಳೂ ಸದ್ದಿನಿಂದಲೇ ಹೇಳಬಲ್ಲರು.

ಮೂರನೆಯ ಬಗೆಯ ಮಾತು ಡಿ.ವಿ. ಗುಂಡಪ್ಪನವರದು. ಅವರು 1926ರಿಂದ 1940ರವರೆಗೆ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದವರು. ಸಭೆಯ ಒಳಗನ್ನೂ ಪತ್ರಿಕೆಯ ಹೊರಗನ್ನೂ ಕಂಡವರು. ರಂಗಾಚಾರ್ಲು ಅವರ ಜೀವನಚರಿತ್ರೆಯನ್ನು ಬರೆದವರೂ ಅವರೇ, ಗೋಪಾಲಕೃಷ್ಣ ಗೋಖಲೆಯವರ ಜೀವನಚರಿತ್ರೆಯನ್ನು ಬರೆದವರೂ ಅವರೇ. 1945ರ ಫೆಬ್ರವರಿ 18ರಂದು ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಜೊತೆಗಿದ್ದವರಲ್ಲಿ ನಿಟ್ಟೂರು ಶ್ರೀನಿವಾಸರಾಯರು ಒಬ್ಬರು. ಅವರ ಹೆಸರಿನಲ್ಲಿರುವ ನಿಟ್ಟೂರು ನಮ್ಮ ಪಕ್ಕದ ಗುಬ್ಬಿ ತಾಲೂಕಿನದೆಂದು ಹೇಳಿಕೊಳ್ಳುವ ಸಣ್ಣ ಜಂಬ ನಮ್ಮ ಕಡೆಯವರಿಗೆ ಇದೆ.

ಆ ವರ್ಷವನ್ನು ನೆನೆಯಬೇಕು. ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಎರಡು ವರ್ಷವಿತ್ತು. ದೇಶವೆಲ್ಲ ಅಧಿಕಾರ ಯಾರ ಕೈಗೆ ಬರುತ್ತದೆಂದು ಕಾದಿದ್ದಾಗ, ಬಂದ ಅಧಿಕಾರವನ್ನು ವಿಚಾರಿಸುವ ಪ್ರಜೆ ಎಲ್ಲಿದ್ದಾನೆಂದು ಈ ಮನುಷ್ಯ ಕೇಳಿದರು. ಅವರ ಸಂಸ್ಥೆಗೆ ಪಕ್ಷವಿಲ್ಲ. ಅಲ್ಲಿ ಮಂತ್ರಿಯೂ ಬಂದು ಮಾತಾಡಬಹುದು, ಅರ್ಥಶಾಸ್ತ್ರಜ್ಞನೂ ಬರಬಹುದು, ಆದರೆ ಇಬ್ಬರೂ ಪ್ರಶ್ನೆಗೆ ಒಳಗಾಗಬೇಕು. ಆಯವ್ಯಯ, ಸಂವಿಧಾನ, ಭಾಷಾವಾರು ಪ್ರಾಂತ ಇವುಗಳನ್ನು ಕುರಿತ ಅಧ್ಯಯನ ಗೋಷ್ಠಿ ಒಂದು ಕಡೆ, ವೇದಾಂತ ಮತ್ತು ಕಾವ್ಯದ ಪಾಠ ಇನ್ನೊಂದು ಕಡೆ. 1970ರಲ್ಲಿ ನಾಡು ಅವರಿಗೆ ನಿಧಿ ಅರ್ಪಿಸಿದಾಗ ಅದನ್ನು ಇಡಿಯಾಗಿ ಸಂಸ್ಥೆಗೇ ಕೊಟ್ಟುಬಿಟ್ಟರು. ಅವರು ತೀರಿಕೊಂಡುದು 1975ರ ಅಕ್ಟೋಬರ್ 7ರಂದು. ಪ್ರಜಾಪ್ರತಿನಿಧಿ ಸಭೆ ಮೊದಲು ಕೂಡಿದ ದಿನವೂ ಅದೇ, 94 ವರ್ಷಗಳ ಹಿಂದೆ. ಆ ಸಭೆ 1923ರಲ್ಲಿ ಶಾಸನಬದ್ಧವಾಗಿ, ಮಹಿಳೆಯರಿಗೂ ಮತ ದೊರೆಯುವ ದಾರಿ ತೆರೆದು, 1949ರಲ್ಲಿ ವಿಸರ್ಜನೆಗೊಂಡಿತ್ತು.

ಗುಂಡಪ್ಪನವರ ಸಂಸ್ಥೆಯನ್ನು ನಾನು ಗೌರವಿಸುತ್ತೇನೆ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಅದರ ಪತ್ರಿಕೆ ಇಂಗ್ಲಿಷಿನಲ್ಲಿ ಹೊರಡುತ್ತಿತ್ತು. ಅದರ ಗೋಷ್ಠಿಗಳು ಬಸವನಗುಡಿಯ ಆಸುಪಾಸಿನವು. ಕನ್ನಡದಲ್ಲಿ ರಾಜ್ಯಶಾಸ್ತ್ರವನ್ನು ಬರೆದ ಮಹನೀಯರ ಸಂಸ್ಥೆಗೆ ಒಂದು ಶಾಖೆ ತಿಪಟೂರಿನಂತಹ ಪೇಟೆಯಲ್ಲಿ ಇದ್ದಿದ್ದರೆ, ಮಂತ್ರಿಗಳು ಅಲ್ಲಿ ಬಂದು ಮಂಡಿ ವರ್ತಕರ, ತೋಟದವರ ಪ್ರಶ್ನೆಗೆ ಉತ್ತರಿಸಿದ್ದರೆ, ನಮ್ಮ ಸಾರ್ವಜನಿಕ ಮಾತಿನ ಚರಿತ್ರೆ ಸ್ವಲ್ಪ ಬೇರೆಯಾಗುತ್ತಿತ್ತು.

ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು ಆಕಾಶವಾಣಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 1955ರಲ್ಲಿ ಬೆಂಗಳೂರಿನ ನಿಲಯ ಬಂತು. ಮರುವರ್ಷ, 1956ರಲ್ಲಿ, ಪುಣೆಯ ನಿಲಯ ಯುನೆಸ್ಕೋ ನೆರವಿನಿಂದ ನೂರೈವತ್ತು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಯವರು ಗುಂಪಾಗಿ ಕುಳಿತು ರೇಡಿಯೋ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳುಹಿಸುವುದು, ಮುಂದಿನ ಪ್ರಸಾರದಲ್ಲಿ ಉತ್ತರ ಪಡೆಯುವುದು. ಕೆನಡಾದ ರೈತರಲ್ಲಿ ಇದು 1941ರಿಂದಲೂ ನಡೆದಿತ್ತು. ಹೇಳುವ ಯಂತ್ರವನ್ನು ಕೇಳುವ ಯಂತ್ರವನ್ನಾಗಿಯೂ ಮಾಡುವ ಉಪಾಯ ಅದು. 1966ರ ನಂತರ ನಿಲಯಗಳಲ್ಲಿ ಕೃಷಿ ವಿಭಾಗಗಳು ಬಂದವು. ಸಂಜೆಯ ಕೃಷಿರಂಗವನ್ನು ನಮ್ಮೂರಿನ ಜಗಲಿಗಳಲ್ಲಿ ಗುಂಪಾಗಿ ಕೇಳುತ್ತಿದ್ದುದು ನನ್ನ ಬಾಲ್ಯದ ನೆನಪು. ತಜ್ಞರು ಹೇಳಿದ್ದಕ್ಕೆ ಜಗಲಿಯಿಂದ ತಕ್ಷಣ ಬರುತ್ತಿದ್ದ ಪ್ರತ್ಯುತ್ತರಗಳು ಪ್ರಸಾರವಾಗಿದ್ದರೆ ಕಾರ್ಯಕ್ರಮ ಇನ್ನೂ ಸ್ವಾರಸ್ಯವಾಗಿರುತ್ತಿತ್ತು.

ಇಂತಹ ಮಾತು ನಿಂತುಹೋದರೆ ಏನಾಗುತ್ತದೆಂಬುದಕ್ಕೆ ನೀರಾ ಪ್ರಕರಣವೇ ನಿದರ್ಶನ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿಪೀಡೆ ಬಿತ್ತು. ಕಾಯಿ ಸಣ್ಣದಾಯಿತು, ಮಟ್ಟೆ ಬಿರುಕುಬಿಟ್ಟಿತು. ಬೇರನ್ನು ಕತ್ತರಿಸಿ ಔಷಧದ ಚೀಲ ಕಟ್ಟಿ ಎಂದು ತಜ್ಞರು ಹೇಳಿದರು. ನೂರಾರು ಮರಗಳಿಗೆ ಒಂದೊಂದಾಗಿ ಬೇರು ಹುಡುಕಿ ಚೀಲ ಕಟ್ಟುವ ಕೂಲಿಯನ್ನು ಯಾರು ಕೊಡಬೇಕೆಂದು ರೈತರು ಕೇಳಿದರು. ಕಾಯಿಯೇ ಸರಿಯಾಗಿ ಬಾರದಿದ್ದ ಮೇಲೆ ಹೊಂಬಾಳೆಯಿಂದ ನೀರಾ ಇಳಿಸಲು ಬಿಡಿ ಎಂಬುದು ಅವರ ಬೇಡಿಕೆ. ಅಬಕಾರಿ ಕಾನೂನಿನ ಕಣ್ಣಿಗೆ ನೀರಾಕ್ಕೂ ಹೆಂಡಕ್ಕೂ ನಡುವೆ ಕೆಲವೇ ಗಂಟೆಗಳ ಅಂತರ. ಹುಳಿಯದಂತೆ ತಂಪಿನಲ್ಲಿ ಇಳಿಸಬಹುದೇ ಎಂಬುದು ವಿಜ್ಞಾನಿ ಉತ್ತರಿಸಬೇಕಾದ ಪ್ರಶ್ನೆ. ಅನುಮತಿ ಕೊಡಬಹುದೇ ಎಂಬುದು ಮಂತ್ರಿ ಉತ್ತರಿಸಬೇಕಾದ ಪ್ರಶ್ನೆ. ಇಬ್ಬರೂ ರೈತನೊಡನೆ ಒಂದೆಡೆ ಕುಳಿತಿದ್ದರೆ ದಾರಿ ಬೇಗ ಕಾಣುತ್ತಿತ್ತು. ಅದರ ಬದಲು 2001ರಲ್ಲಿ ಚಳವಳಿ ಬೀದಿಗೆ ಬಂತು, ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು, ರೈತರ ಪ್ರಾಣ ಹೋಯಿತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮಂಜಿನ ಪೆಟ್ಟಿಗೆಯಲ್ಲಿ ರಸವನ್ನು ತಂಪಾಗಿ ಹಿಡಿಯುವ ವಿಧಾನವನ್ನು ರೂಪಿಸಿತು. ರಾಜ್ಯದಲ್ಲಿ ನೀರಾ ಇಳಿಸುವುದಕ್ಕೆ ನಿಯಮಗಳು ಬಂದುದು 2017ರ ಹೊತ್ತಿಗೆ.

ಕೊನೆಯದಾಗಿ ಬೆಲೆಯ ಮಾತು. ಕೃಷಿ ಬೆಲೆಗಳ ಆಯೋಗ 1965ರಲ್ಲಿ ದೆಹಲಿಯಲ್ಲಿ ಹುಟ್ಟಿತು. ಖರ್ಚು ಎಣಿಸಿ, ಬೆಳೆಗಾರರನ್ನೂ ರಾಜ್ಯಗಳನ್ನೂ ವಿಚಾರಿಸಿ ಬೆಂಬಲ ಬೆಲೆಯನ್ನು ಸೂಚಿಸುವುದು ಅದರ ಕೆಲಸ. ಕೊಬ್ಬರಿಗೆ ಅದು ಎರಡು ಬೆಲೆ ಕಟ್ಟುತ್ತದೆ. ಕಾಯನ್ನು ಒಡೆದು ಒಣಗಿಸಿ ಎಣ್ಣೆಗಾಣಕ್ಕೆ ಹೋಗುವ ಕೊಬ್ಬರಿಗೆ ಒಂದು, ನಮ್ಮ ಉಂಡೆ ಕೊಬ್ಬರಿಗೆ ಇನ್ನೊಂದು. 2023ರಲ್ಲಿ ಕ್ವಿಂಟಲಿಗೆ ಎಣ್ಣೆ ಕೊಬ್ಬರಿಗೆ 10,860 ರೂಪಾಯಿ, ಉಂಡೆಗೆ 11,750. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು, 2024ರ ಆರಂಭದಲ್ಲಿ ಖರೀದಿಯ ನೋಂದಣಿಗಾಗಿ ರೈತರು ಸಾಲುಗಟ್ಟಿ ನಿಂತರು. 2024ರಲ್ಲಿ 11,160 ಮತ್ತು 12,000. 2025ರಲ್ಲಿ 11,582 ಮತ್ತು 12,100. ಆ ವರ್ಷ ಪೇಟೆಯ ಧಾರಣೆ ಇಪ್ಪತ್ತು ಸಾವಿರವನ್ನು ದಾಟಿದ್ದರಿಂದ ಬೆಂಬಲ ಬೆಲೆಯನ್ನು ಯಾರೂ ಕೇಳಲಿಲ್ಲ. ಎರಡು ಬೆಲೆಗಳ ನಡುವಣ ಅಂತರವನ್ನೂ ಯಾರೂ ನೋಡಲಿಲ್ಲ. ಅದು 890ರಿಂದ 840ಕ್ಕೆ, 840ರಿಂದ 518ಕ್ಕೆ ಇಳಿದಿತ್ತು. ಅಂದರೆ ಒಂದು ಕ್ವಿಂಟಲ್ ಕೊಬ್ಬರಿಯಾಗುವಷ್ಟು ಕಾಯನ್ನು ವರ್ಷದ ಮಟ್ಟಿಗೆ ಅಟ್ಟದ ಮೇಲೆ ಕಾಯುವುದಕ್ಕೆ, ಆ ವರ್ಷವೆಲ್ಲ ಕೈಗೆ ಕಾಸು ಬಾರದೆ ಇರುವುದಕ್ಕೆ, ಕೊಳೆತು ಹೋಗುವ ಕಾಯಿಗಳ ನಷ್ಟಕ್ಕೆ, ಇಳಿಸುವ, ಸುಲಿಯುವ, ಒಡೆಯುವ ಕೂಲಿಗೆ, ದೆಹಲಿಯ ಲೆಕ್ಕದಲ್ಲಿ 518 ರೂಪಾಯಿ. ಆ ಲೆಕ್ಕ ಹೇಗೆ ಬಂತೆಂದು ಹೊನ್ನವಳ್ಳಿಯ ಕಡೆಯ ರೈತನೊಬ್ಬ ಇಂದು ಎದ್ದು ನಿಂತು ಕೇಳಬೇಕೆಂದರೆ, ಉತ್ತರಿಸಬೇಕಾದವರು ಎದುರಿಗೆ ಕುಳಿತಿರುವ ಸಭೆ ಯಾವ ಊರಿನಲ್ಲಿ, ಯಾವ ದಸರೆಯಲ್ಲಿ ಕೂಡುತ್ತದೆ?