ಹತ್ತಿಯ ಹಣ, ಕಡಲಿನ ಷೇರು

1861ರಲ್ಲಿ ಅಮೆರಿಕೆಯ ಅಂತರ್ಯುದ್ಧ ಮೊದಲಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಂತಾಯಿತು. ಲಂಕಾಶೈರಿನ ಗಿರಣಿಗಳು ಮುಂಬಯಿಯನ್ನು ಆಶ್ರಯಿಸಿದವು. ಧಾರವಾಡ ಸೀಮೆಯ ಅರಳೆಯೂ ಕುಮಟೆಯ ಬಂದರದಿಂದ ಇತ್ತ ಹರಿದುಬಂದಿತು. ಬೆಲೆಗಳು ಹಲವು ಮಡಿ ಏರಿದವು. ಆ ಲಾಭ ನಿಜವಾದುದೇ. ದೋಷವಿದ್ದುದು ಅದರ ಮೇಲೆ ಕಟ್ಟಿದ ಎಣಿಕೆಯಲ್ಲಿ.

ಕಡಲನ್ನು ತುಂಬಿ ನೆಲಮಾಡಲು ಹೊರಟ ಬ್ಯಾಕ್‌ಬೇ ಕಂಪನಿಯ ಒಂದು ಷೇರಿಗೆ ಸಂದಾಯವಾಗಿದ್ದುದು 5,000 ರೂಪಾಯಿ; ಪೇಟೆಯ ಧಾರಣೆ 50,000ಕ್ಕೆ ಮುಟ್ಟಿತು. ಆ ಬೆಲೆಗೆ ಕೊಂಡವನಿಗೆ ನೂರಕ್ಕೆ ಹತ್ತರಂತೆ ಪ್ರತಿಫಲ ದೊರೆಯಬೇಕಾದರೆ, ಹಾಕಿದ ಬಂಡವಾಳದಷ್ಟೇ ಲಾಭವನ್ನು ಕಂಪನಿಯು ಪ್ರತಿವರ್ಷವೂ ಗಳಿಸಬೇಕಾಗಿತ್ತು. ನೆಲವೋ ಇನ್ನೂ ನೀರಿನಡಿಯಲ್ಲಿತ್ತು! ಮುಂದೆ ಬರಲಿರುವ ವರಮಾನದ ಇಂದಿನ ಮೌಲ್ಯವೇ ಷೇರಿನ ನಿಜವಾದ ಬೆಲೆ. ಯುದ್ಧಕಾಲದ ಲಾಭವನ್ನು ಪೇಟೆಯು ಚಿರಕಾಲದ ಆದಾಯವೆಂದು ಬಗೆಯಿತು.

1865ರ ಏಪ್ರಿಲಿನಲ್ಲಿ ದಕ್ಷಿಣ ರಾಜ್ಯಗಳ ಸೇನಾನಿ ಲೀ ಶರಣಾದನು. ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆಯ ಲೆಕ್ಕ ತೀರಿಸಬೇಕಾದವರಲ್ಲಿ ಹಣವಿರಲಿಲ್ಲ. ಬ್ಯಾಕ್‌ಬೇ ಷೇರು 2,000ಕ್ಕಿಂತ ಕೆಳಗಿಳಿಯಿತು. ಷೇರುಗಳನ್ನೇ ಒತ್ತೆಯಿಟ್ಟುಕೊಂಡು ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು.

ಆ ಉತ್ಕರ್ಷದ ಮುಂದಾಳು ಪ್ರೇಮಚಂದ ರಾಯಚಂದನೂ ದಿವಾಳಿಯಾದನು. ಅವನು ವಿಶ್ವವಿದ್ಯಾಲಯಕ್ಕೆ ದಾನವಿತ್ತ ಹಣದಿಂದ 1878ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರ ಮಾತ್ರ ಇಂದಿಗೂ ನಿಂತಿದೆ. ಕಾಗದದ ಮೇಲಿನ ಐಶ್ವರ್ಯದಲ್ಲಿ ಕಲ್ಲಾಗಿ ಉಳಿದುದು ಅಷ್ಟೇ.